ಗಾಡಿಯ ನೆತ್ತಿಗೆ ಬಿಳಿ: ಬಯಲುಸೀಮೆ ಬಿಸಿಲಲ್ಲಿ ಮೋಟರ್‌ಹೋಮ್ ತಂಪಾಗಿಡುವ ಬಗೆ

ಏಪ್ರಿಲ್ ಕೊನೆಯ ವಾರ ದಾವಣಗೆರೆಯ ಯಾವುದಾದರೂ ಬಯಲಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ನಿಂತು ನಿಮ್ಮ ನೆರಳನ್ನು ಹುಡುಕಿ. ಕಾಲಡಿಯಲ್ಲೇ ಮುದುಡಿಕೊಂಡಿರುತ್ತದೆ. ನಮ್ಮೂರು ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಿತ್ರದುರ್ಗ ಅದಕ್ಕಿಂತ ಒಂಚೂರು ತೆಂಕಣಕ್ಕೆ. ಹಾಗಾಗಿ ಸೂರ್ಯ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬಂದು ಹೋಗುತ್ತಾನೆ. ಆಗಸ್ಟಿನಲ್ಲಿ ಮೋಡವಾದರೂ ಅಡ್ಡ ಬರುತ್ತದೆ. ಏಪ್ರಿಲ್‌ನಲ್ಲಿ ಯಾರೂ ಬರುವುದಿಲ್ಲ.

ನಮ್ಮದು ಹಳೇ ಟೆಂಪೊ ಟ್ರಾವೆಲರ್. ಸೀಟು ಕಿತ್ತುಹಾಕಿ, ಎರಡು ಮಂಚ, ಒಂದು ಅಡುಗೆಕಟ್ಟೆ, ನೀರಿನ ಟ್ಯಾಂಕು ಕೂರಿಸಿ ನಾನೂ ಭಾವನೂ ಮೋಟರ್‌ಹೋಮ್ ಮಾಡಿಕೊಂಡೆವು. ಕೊಂಡಾಗಲೇ ಮೈತುಂಬ ಕಡುನೀಲಿ, ನೋಡಲು ಚೆಂದ. ಮೊದಲ ಸವಾರಿ ಮಾರ್ಚ್‌ನಲ್ಲಿ, ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ. ಅಣೆಕಟ್ಟೆ ನೋಡಿಕೊಂಡು ಬಂದು ಬಾಗಿಲು ತೆಗೆದರೆ ಮಂಡಕ್ಕಿ ಭಟ್ಟಿಯೊಳಗೆ ಮುಖ ಇಟ್ಟಂತಾಯಿತು. ಅಕ್ಕ ಒಳಗೆ ಕಾಲಿಟ್ಟವಳೇ ಚಾಪೆ ಎಳೆದುಕೊಂಡು ಹುಣಸೆಮರದ ಬುಡಕ್ಕೆ ಹೋದಳು. "ಇದಕ್ಕಿಂತ ನಮ್ಮಜ್ಜಿ ಮಾಳಿಗೆಮನೆ ವಾಸಿ ಕಣೋ" ಅಂದಳು.

ಅವಳು ಸಿಟ್ಟಿಗೆ ಹೇಳಿದ್ದರೂ ಮಾತು ಲೆಕ್ಕಕ್ಕೆ ಸರಿಯಾಗಿತ್ತು. ಮಾಳಿಗೆಮನೆಯ ತಲೆಯ ಮೇಲೆ ದಪ್ಪನೆಯ ಮಣ್ಣಿರುತ್ತದೆ. ಹಗಲಿನ ಬಿಸಿ ಅದರೊಳಗೆ ಇಳಿದು ಜಂತೆ ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ಗಾಡಿಯ ತಲೆಯ ಮೇಲಿರುವುದು ಒಂದು ಮಿಲಿಮೀಟರ್ ಆಸುಪಾಸಿನ ತಗಡು. ಬಿಸಿಲು ಬಿದ್ದ ಐದು ಹತ್ತು ನಿಮಿಷಕ್ಕೆ ಹೊರಗಿನ ಕಾವು ಒಳಗಿನ ಕಾವೇ. ಇಲ್ಲಿ ಬಿಸಿಲನ್ನು ಮೊದಲು ತಡೆಯಬೇಕಾದ್ದು ಆ ತಗಡಿನ ಮೇಲಿನ ಬಣ್ಣದ ಪದರ.

ಗಾಡಿ ಕಟ್ಟಿಸುವವರು, ಕಟ್ಟಿಸಿ ಬೇಯುತ್ತಿರುವವರು ಇಬ್ಬರಿಗೂ ಅನುಕೂಲವಾಗಲಿ ಎಂದು ನಾವು ಕಲಿತ ಕ್ರಮದಲ್ಲೇ ಬರೆದಿದ್ದೇನೆ. ನಾವು ಎಡವಿದ ಕ್ರಮವೂ ಅದೇ.

ಮೊದಲು ತಲೆಯ ಲೆಕ್ಕ

ಮೋಡವಿಲ್ಲದ ನಡುಹಗಲಿನ ಬಿಸಿಲು ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಟ್ರಾವೆಲರ್ ತಲೆಯನ್ನು ಹತ್ತು ಚದರ ಮೀಟರ್ ಅಂದುಕೊಂಡರೆ 10 ಕಿಲೋವ್ಯಾಟ್. ಹತ್ತು ಇಸ್ತ್ರಿಪೆಟ್ಟಿಗೆ ಹಚ್ಚಿ ಗಾಡಿಯ ನೆತ್ತಿಯ ಮೇಲೆ ಸಾಲಾಗಿ ಇಟ್ಟ ಹಾಗೆ. ಕಪ್ಪು, ಕಡುನೀಲಿ ಬಣ್ಣಗಳು ಇದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ನುಂಗುತ್ತವೆ. ಒಳ್ಳೆಯ ಹೊಸ ಬಿಳಿ ಮುಕ್ಕಾಲು ಪಾಲನ್ನು ಬಂದ ದಾರಿಗೇ ಕಳಿಸುತ್ತದೆ. ಒಂಬತ್ತು ಇಸ್ತ್ರಿಪೆಟ್ಟಿಗೆ ಎಲ್ಲಿ, ಎರಡೂವರೆ ಎಲ್ಲಿ!

ಹೊರಗೆ 38 ಡಿಗ್ರಿ, ಸಣ್ಣಗೆ ಗಾಳಿ ಇದ್ದರೆ ಕಡುಬಣ್ಣದ ತಗಡು 75ರಿಂದ 80 ಡಿಗ್ರಿಗೆ ಏರುತ್ತದೆ. ಬಿಳಿಯದು 50ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನುಂಗಿದ್ದೆಲ್ಲ ಒಳಗೆ ಬರುವುದಿಲ್ಲ, ಬಹುಪಾಲು ಗಾಳಿಗೆ ಹೋಗುತ್ತದೆ. ಒಳಗೆ ಬರುವ ಪಾಲಿನ ಸ್ಥೂಲ ಲೆಕ್ಕ ಹೀಗಿದೆ. ಒಳಗೆ 34 ಡಿಗ್ರಿ ಇರಬೇಕು ಎಂದಿಟ್ಟುಕೊಳ್ಳಿ. ಬರೀ ತಗಡಾದರೆ ಕಡುನೀಲಿ ತಲೆ ಸುಮಾರು 2600 ವ್ಯಾಟ್ ಒಳಗೆ ಬಿಡುತ್ತದೆ, ಬಿಳಿ ತಲೆ 950ರಷ್ಟು. ತಗಡಿನ ಕೆಳಗೆ ಬಿಸಿ ತಡೆಯುವ ಒಂದಿಂಚು ಫೋಮ್ (ಇನ್ಸುಲೇಷನ್) ಹಾಕಿದ್ದರೆ 440 ಮತ್ತು 160. ಒಂದು ಟನ್ ಎಸಿ ಹೊರಗೆ ಹಾಕುವುದು 3500 ವ್ಯಾಟ್ ಕಾವು. ಇನ್ಸುಲೇಷನ್ ಇಲ್ಲದ ಕಡುನೀಲಿ ಗಾಡಿಯಲ್ಲಿ ಎಸಿಯ ಮುಕ್ಕಾಲು ಶಕ್ತಿಯನ್ನು ತಲೆಯೊಂದೇ ತಿನ್ನುತ್ತದೆ. ಬ್ಯಾಟರಿಯಲ್ಲಿ ಎಸಿ ಓಡಿಸುವ ಕನಸಿದ್ದವರು ಈ ಅಂಕಿಗಳನ್ನು ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳಿ.

"ಫೋಮ್ ಹಾಕಿಸಿದೀನಲ್ಲ, ಬಣ್ಣ ಯಾವುದಾದರೇನು" ಎಂದು ಕೇಳುವವರಿದ್ದಾರೆ. ಲೆಕ್ಕವನ್ನು ಇನ್ನೊಮ್ಮೆ ನೋಡಿ. ಫೋಮ್ ಇದ್ದರೂ ಕಡುಬಣ್ಣ ಬಿಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಿಸಿ ಒಳಗೆ ತರುತ್ತದೆ.

ಪಕ್ಕದ ಮೈಗೆ ಬಣ್ಣ ಅಷ್ಟು ಮುಖ್ಯವಲ್ಲ. ನಡುಹಗಲು ಸೂರ್ಯ ನೆತ್ತಿಯ ಮೇಲಿರುವಾಗ ಪಕ್ಕಗಳಿಗೆ ನೇರ ಬಿಸಿಲು ಅಷ್ಟಕ್ಕಷ್ಟೆ. ಮಧ್ಯಾಹ್ನ ಮೂರರ ಮೇಲೆ ಪಡುವಣ ಪಕ್ಕ ಮಾತ್ರ ಚೆನ್ನಾಗಿ ಕಾಯುತ್ತದೆ. ಆದ್ದರಿಂದ ಇಡೀ ಗಾಡಿಗೆ ಬಣ್ಣ ಹೊಡೆಸುವಷ್ಟು ದುಡ್ಡಿಲ್ಲದವರು ತಲೆಗೊಂದೇ ಹೊಡೆಸಲಿ. ಲಾಭದ ಸಿಂಹಪಾಲು ಅಲ್ಲೇ ಸಿಗುತ್ತದೆ, ಹಾದಿಯಲ್ಲಿ ಹೋಗುವವರಿಗೆ ಕಾಣುವುದೂ ಇಲ್ಲ.

ಬೆಳ್ಳಿ ಬಣ್ಣಕ್ಕೆ ನಾವು ಬಿದ್ದ ಕತೆ

ಹಿರಿಯೂರಿನಿಂದ ಬಂದ ವಾರವೇ ಭಾವ ಹಾರ್ಡ್‌ವೇರ್ ಅಂಗಡಿಯಿಂದ ಅಲ್ಯುಮಿನಿಯಂ ಪೇಂಟಿನ ಡಬ್ಬಿ ತಂದರು. ಕನ್ನಡಿಯಂತೆ ಹೊಳೆಯುವುದು ಬಿಸಿಲನ್ನೂ ಕನ್ನಡಿಯಂತೆ ಎಸೆಯುತ್ತದೆ ಎಂಬ ವಾದ. ನನಗೂ ಸರಿ ಕಂಡಿತು. ಇಬ್ಬರೂ ಏಣಿ ಹತ್ತಿ ಬ್ರಷ್‌ನಲ್ಲೇ ಬಳಿದೆವು. ಮಾರನೇ ದಿನ ಒಂದು ಗಂಟೆಗೆ, ಮುಟ್ಟದೆ ದೂರದಿಂದಲೇ ಕಾವು ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಹಿಡಿದರೆ ತೋರಿಸಿದ್ದು 41. ನೀಲಿಯಿದ್ದಾಗ ಅದೇ ಜಾಗದಲ್ಲಿ 76 ತೋರಿಸಿತ್ತು. ಆ ಖುಷಿಗೆ ಬೆಣ್ಣೆದೋಸೆ ತಿಂದು ಬಂದೆವು.

ಬಂದು ಗಾಡಿಯೊಳಗೆ ಕೂತರೆ ಸೆಖೆ ಹೆಚ್ಚುಕಡಿಮೆ ಹಾಗೇ ಇದೆ. ಒಳಗಿನ ಸೀಲಿಂಗ್ ಶೀಟು ಆಗ ಬಿಚ್ಚಿತ್ತು, ತಗಡಿನ ಒಳಮೈಗೆ ಪ್ರೈಮರ್ ಮಾತ್ರ ಇತ್ತು. ಅದಕ್ಕೆ ಗನ್ ಹಿಡಿದೆ: 64. ಒಂದೇ ತಗಡು, ಒಂದು ಮಿಲಿಮೀಟರ್ ದಪ್ಪ. ಹೊರಗೆ 41, ಒಳಗೆ 64!

ಸುಳ್ಳು ಹೇಳಿದ್ದು ಹೊರಗಿನ ಅಂಕಿ. ಯಾಕೆಂದು ತಿಳಿದುಕೊಂಡರೆ ಬಣ್ಣದ ಅರ್ಧ ವಿದ್ಯೆ ಬಂದಂತೆ. ಬಿಸಿಲಿಗೆ ಒಡ್ಡಿದ ಮೈ ಎರಡು ಕೆಲಸ ಮಾಡಬೇಕು. ಬಿದ್ದ ಬಿಸಿಲನ್ನು ಹಿಂದಕ್ಕೆ ಎಸೆಯಬೇಕು, ನುಂಗಿದ ಬಿಸಿಯನ್ನು ಕಣ್ಣಿಗೆ ಕಾಣದ ಕಿರಣವಾಗಿ ಹೊರಗೆ ಬಿಡಲೂಬೇಕು. ಮಾಮೂಲಿ ಬಣ್ಣಗಳು, ಬಿಳಿಯಿರಲಿ ಕಪ್ಪಿರಲಿ, ಎರಡನೇ ಕೆಲಸದಲ್ಲಿ ಒಂದೇ ಸಮ: ಬಿಡಬಹುದಾದ್ದರಲ್ಲಿ ನೂರಕ್ಕೆ ತೊಂಬತ್ತರಷ್ಟು ಬಿಟ್ಟುಬಿಡುತ್ತವೆ. ಲೋಹದ ಮೈಗೆ ಆ ಗುಣವಿಲ್ಲ. ಅಲ್ಯುಮಿನಿಯಂ ಪೇಂಟಿನಲ್ಲಿ ಲೋಹದ ಸಣ್ಣ ಹೊಪ್ಪಳಗಳು ಮೇಲೆ ತೇಲಿ ಕೂತಿರುವುದರಿಂದ ಅದೂ ಹಾಗೇ, ನುಂಗಿದ್ದನ್ನು ಜಿಪುಣನಂತೆ ಹಿಡಿದುಕೊಳ್ಳುತ್ತದೆ. ಥರ್ಮಾಮೀಟರ್ ಗನ್ ಓದುವುದು ಅದೇ ಹೊರಬಿಡುವ ಕಿರಣವನ್ನು. ಎದುರಿಗೆ ಇರುವುದು ಮಾಮೂಲಿ ಬಣ್ಣ ಎಂಬ ನಂಬಿಕೆಯ ಮೇಲೆ ಅದರ ಲೆಕ್ಕ ನಡೆಯುತ್ತದೆ. ಕಿರಣ ಕಡಿಮೆ ಬಂತು, ತಂಪಾಗಿದೆ ಎಂದು ಬರೆದುಕೊಟ್ಟಿತು.

ಕಾರು ಕಂಪನಿಗಳ ಬೆಳ್ಳಿ ಬಣ್ಣದ ಮಾತು ಬೇರೆ. ಅದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ, ಆ ಪದರ ಬಿಸಿಯನ್ನು ಚೆನ್ನಾಗಿ ಬಿಡುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಕಾರು, ಬೆಳ್ಳಿ ಕಾರು ಎರಡನ್ನೂ ಬಿಸಿಲಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ಪ್ರಕಟಿಸಿದ್ದರು. ತಲೆಯ ಕಾವಿನಲ್ಲಿ 25 ಡಿಗ್ರಿಯವರೆಗೆ ವ್ಯತ್ಯಾಸ, ಒಳಗಿನ ಗಾಳಿಯಲ್ಲಿ ಮಾತ್ರ ಐದಾರು ಡಿಗ್ರಿ. 25 ಡಿಗ್ರಿ ಯಾಕೆ ಐದಾರಕ್ಕೆ ಇಳಿಯಿತು ಎನ್ನುವುದಕ್ಕೆ ಉತ್ತರ ಗಾಜಿನಲ್ಲಿದೆ. ಅದು ಮುಂದೆ ಬರುತ್ತದೆ.

ಶೇಡ್ ಕಾರ್ಡ್ ನೋಡಬೇಡಿ, ತಗಡು ಕಾಯಿಸಿ ನೋಡಿ

ಕಣ್ಣು ಬಣ್ಣದ ಬಗ್ಗೆ ಅರ್ಧ ಮಾತ್ರ ಹೇಳುತ್ತದೆ. ಬಿಸಿಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್). ಒಂದೇ ತರಹ ಕಾಣುವ ಎರಡು ಕಂದು ಬಣ್ಣಗಳಲ್ಲಿ ಒಂದು ಅವಗೆಂಪನ್ನು ಎಸೆಯಬಹುದು, ಇನ್ನೊಂದು ಪೂರ್ತಿ ನುಂಗಬಹುದು. ವ್ಯತ್ಯಾಸ ಮಾಡುವುದು ಒಳಗಿನ ಪುಡಿ. ಕಾರ್ಬನ್ ಬ್ಲ್ಯಾಕ್, ಅಂದರೆ ದೀಪದ ಮಸಿಯ ಜಾತಿಯ ಕಪ್ಪು, ಕಾಣುವುದನ್ನೂ ನುಂಗುತ್ತದೆ ಕಾಣದ್ದನ್ನೂ ನುಂಗುತ್ತದೆ. ಬೂದು ಬಣ್ಣಗಳಲ್ಲಿ ಬಹಳಷ್ಟು ತಯಾರಾಗುವುದು ಬಿಳಿಗೆ ಇದನ್ನು ಬೆರೆಸಿಯೇ.

ಹಾಗಾಗಿ ಮನಸ್ಸಿನಲ್ಲಿರುವ ಮೂರು ನಾಲ್ಕು ಬಣ್ಣಗಳನ್ನು ಪರೀಕ್ಷೆ ಮಾಡಿ. ಟಿಂಕರಿಂಗ್ ಅಂಗಡಿಯಲ್ಲಿ ಅಡಿ ಉದ್ದ ಅಡಿ ಅಗಲದ ತಗಡಿನ ತುಂಡು ಕೇಳಿದರೆ ಕೊಡುತ್ತಾರೆ. ಎಲ್ಲ ತುಂಡಿಗೂ ಒಂದೇ ಪ್ರೈಮರ್, ಮೇಲೆ ಒಂದೊಂದಕ್ಕೆ ಒಂದೊಂದು ಬಣ್ಣ. ತಾರಸಿಯಲ್ಲಿ ಪ್ಯಾರಪೆಟ್ ಗೋಡೆಯಿಂದ ದೂರ, ದಪ್ಪ ಥರ್ಮೊಕೋಲ್ ಮೇಲೆ ಹನ್ನೊಂದಕ್ಕೆ ಇಟ್ಟುಬಿಡಿ. ಒಂದು ಗಂಟೆಗೆ ಒಂದೊಂದನ್ನೇ ಎತ್ತಿ ಅಡಿಮೈಗೆ ಗನ್ ಹಿಡಿಯಿರಿ. ಅಡಿಮೈಗೂ ಪ್ರೈಮರ್ ಇರಲಿ, ಬರೀ ಲೋಹವಿದ್ದರೆ ನಮ್ಮ 41ರ ಕತೆಯೇ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗದು, ಅದು ಮೈಜ್ವರದ ಆಸುಪಾಸಿನ ಅಂಕಿ ಬಿಟ್ಟು ಬೇರೆ ಓದುವುದಿಲ್ಲ.

ಗನ್ ಇಲ್ಲದಿದ್ದರೂ ಚಿಂತೆಯಿಲ್ಲ. ಥರ್ಮೊಕೋಲ್ ತೆಗೆದು ತುಂಡುಗಳನ್ನು ಎರಡೆರಡು ಇಟ್ಟಿಗೆಯ ಮೇಲೆ ಇಡಿ. ಅಡಿಗೆ ಮೇಣದಬತ್ತಿಯ ಚೂರನ್ನು ಒತ್ತಿ ಅಂಟಿಸಿ. ಮೇಣ ಕರಗುವುದು 55-60 ಡಿಗ್ರಿ ಹತ್ತಿರ. ಕಡುಬಣ್ಣದ್ದು ಊಟ ಮುಗಿಸಿ ಬರುವಷ್ಟರಲ್ಲಿ ನೆಲದ ಮೇಲೆ ಬಿದ್ದಿರುತ್ತದೆ, ಬಿಳಿಯದು ಕಚ್ಚಿಕೊಂಡೇ ಇರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಇದೇ ಪರೀಕ್ಷೆ ಇಷ್ಟವಾಗಿದ್ದು.

ಸುಮಾರಾಗಿ ಹೇಳುವುದಾದರೆ ಮೊದಲು ಬಿಳಿ, ಅದರ ಬೆನ್ನಿಗೆ ಕೆನೆ ಬಣ್ಣ, ಆಮೇಲೆ ತಿಳಿ ಹಳದಿ, ಕ್ಲಿಯರ್ ಕೋಟಿನ ಬೆಳ್ಳಿ. ಕೆಂಪು, ಹಸಿರು, ನೀಲಿಗಳು ಬಹಳ ಹಿಂದೆ. ನನ್ನನ್ನು ಕೇಳಿದರೆ ತಲೆಗೆ ಬಿಳಿ, ಕಿಟಕಿಯ ಸಾಲಿಗೆ ಕೆನೆ, ಕಿಟಕಿಯ ಕೆಳಗೆ ನಿಮಗೆ ಬೇಕಾದ ಕಡುಬಣ್ಣದ ಪಟ್ಟಿ. ನಮ್ಮ ಕಡೆಯ ಎರೆಮಣ್ಣಿನ ಕೆಸರು ಸಿಡಿದರೆ ಆ ಪಟ್ಟಿ ಮುಚ್ಚಿಕೊಳ್ಳುತ್ತದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಬೇರಿಯಂ ಸಲ್ಫೇಟ್‌ನಿಂದ ಮಾಡಿದ ಬಿಳಿ ಬಣ್ಣ ಬಿಸಿಲಿನ ನೂರಕ್ಕೆ 98.1 ಭಾಗವನ್ನು ಎಸೆಯುತ್ತದೆಂದು ತೋರಿಸಿದರು. ಅಂಥದ್ದಕ್ಕೆ ಕಾದು ಕೂರಬೇಡಿ. ಚಳ್ಳಕೆರೆ ರಸ್ತೆಯಲ್ಲಿ ಎರಡು ದಿನ ಓಡಿದರೆ ಯಾವ ಬಿಳಿಯೂ ಧೂಳಿನ ಬಣ್ಣಕ್ಕೆ ತಿರುಗುತ್ತದೆ. ತಾರಸಿಗೆ ಹೊಡೆಯುವ ಕೂಲ್ ರೂಫ್ ಬಣ್ಣವನ್ನೂ ಓಡುವ ಗಾಡಿಗೆ ನಾನು ಹೇಳುವುದಿಲ್ಲ. ಅದರ ರಬ್ಬರಿನಂಥ ಮೈ ಧೂಳನ್ನು ಬಿಡುವುದಿಲ್ಲ, ತೊಳೆಯುವಾಗ ಉಜ್ಜಿದರೆ ಅಂಚಿನಲ್ಲಿ ಏಳುತ್ತದೆ. ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಗಾದರೆ ಆದೀತು.

ಕಾಗದಪತ್ರ

ಆರ್‌ಸಿಯಲ್ಲಿ ಗಾಡಿಯ ಬಣ್ಣ ನಮೂದಾಗಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಬದಲಾಗುವಂಥ ಮಾರ್ಪಾಡನ್ನು ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ. ಕೆಎ-17 ಆದರೆ ದಾವಣಗೆರೆ, ಕೆಎ-16 ಆದರೆ ಚಿತ್ರದುರ್ಗ ಆರ್‌ಟಿಒ. ಬಣ್ಣ ಹೊಡೆಸುವ ಮೊದಲೇ ಹೋಗಿ ಕೇಳಿ. ಸೀಟು ಕಿತ್ತು ಮಂಚ ಹಾಕಿಸುವುದಕ್ಕೂ ಅನುಮತಿ ಬೇಕೇ ಬೇಕು, ಎರಡನ್ನೂ ಒಟ್ಟಿಗೆ ವಿಚಾರಿಸಿದರೆ ಒಂದು ಓಡಾಟ ಉಳಿಯುತ್ತದೆ. ವಿಮೆಯವರಿಗೂ ತಿಳಿಸಿ. ಕಾಡು ಸುತ್ತುವ ಗಾಡಿಯೆಂದು ಸೇನೆಯ ಆಲಿವ್ ಹಸಿರು ಹೊಡೆಸುವ ಆಸೆ ಹಲವರಿಗಿದೆ. ಅದು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು, ಉಳಿದವರು ಬಳಸುವಂತಿಲ್ಲ. ತಂಪಿನ ದೃಷ್ಟಿಯಿಂದಲೂ ಅದು ಕೆಟ್ಟ ಬಣ್ಣವೇ.

ಬಣ್ಣ ಹೊಡೆಸುವ ದಿನ

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ದುರ್ಗದ ಕಡೆ ಬೀಸುವ ಗಾಳಿ ಜೋಗಿಮಟ್ಟಿಯ ಗಾಳಿಯಂತ್ರಗಳಿಗೆ ಹಬ್ಬ, ಹಸಿ ಬಣ್ಣಕ್ಕೆ ಶಾಪ. ಮರಳಿನ ಕಣವೆಲ್ಲ ಬಂದು ಕೂರುತ್ತದೆ. ಏಪ್ರಿಲ್ ಮಧ್ಯಾಹ್ನ ಕಾದ ತಗಡಿನ ಮೇಲೆ ಹೊಡೆದರೆ ಥಿನ್ನರ್ ಗಡಿಬಿಡಿಯಲ್ಲಿ ಹಾರಿ ಬಣ್ಣದ ಮೈಮೇಲೆ ಗುಳ್ಳೆ ಏಳುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ, ಇಬ್ಬನಿ ಆರಿದ ಮೇಲಿನ ಬೆಳಗಿನ ಹೊತ್ತು ಪ್ರಶಸ್ತ.

ಕೆಲಸದ ಕ್ರಮ ಪೇಂಟರ್‌ಗಳಿಗೆ ಗೊತ್ತಿದ್ದದ್ದೇ. ಆದರೂ ನೀವು ಪಕ್ಕದಲ್ಲಿ ನಿಂತು ನೋಡಬೇಕಾದ ಜಾಗಗಳಿವೆ. ಮೊದಲು ಸೋಪುನೀರಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ತುಕ್ಕು ಕಂಡಲ್ಲಿ ಹೊಳೆಯುವ ತಗಡು ಬರುವವರೆಗೆ ಉಜ್ಜಬೇಕು. ಕ್ಯಾರಿಯರ್ ಕಂಬಿಯ ಬುಡ, ಮಳೆನೀರಿನ ಕಾಲುವೆ, ಇವೆರಡೂ ತುಕ್ಕಿನ ತವರು. ಗಟ್ಟಿಯಿರುವ ಹಳೇ ಬಣ್ಣವನ್ನು ಕೀಳಿಸಬೇಕಿಲ್ಲ, 320 ಅಥವಾ 400 ನಂಬರ್ ಎಮರಿ ಕಾಗದದಲ್ಲಿ ಹೊಳಪು ಸಾಯುವಂತೆ ಉಜ್ಜಿದರೆ ಸಾಕು. ಗುಳಿ ಇದ್ದಲ್ಲಿ ಪುಟ್ಟಿ. ಆಮೇಲೆ ಪ್ರೈಮರ್.

ಈ ಪ್ರೈಮರ್ ವಿಚಾರದಲ್ಲಿ ಸ್ವಲ್ಪ ಹಟ ಮಾಡಿ. ನಮ್ಮಲ್ಲಿ ರೂಢಿಯಲ್ಲಿರುವುದು ರೆಡ್ ಆಕ್ಸೈಡ್ ಇಲ್ಲವೇ ಕಡುಬೂದು. ಬಿಳಿ ಬಣ್ಣ ತೆಳ್ಳಗಿದ್ದರೆ ಕಣ್ಣಿಗೆ ಬಿಳಿ ಕಂಡರೂ ಅವಗೆಂಪು ಕಿರಣ ಅದನ್ನು ತೂರಿಕೊಂಡು ಅಡಿಗಿರುವ ಪ್ರೈಮರ್ ಮುಟ್ಟುತ್ತದೆ, ಅಲ್ಲಿ ಬಿಸಿಯಾಗುತ್ತದೆ. ಹಾಗಾಗಿ ಬಿಳಿ ಅಥವಾ ತೀರಾ ತಿಳಿಬೂದಿನ ಎಪಾಕ್ಸಿ ಪ್ರೈಮರ್ ಕೇಳಿ, ಅದರ ಮೇಲೆ ಮೂರು ಪೂರ್ತಿ ಕೋಟು ಬಿಳಿ. ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಆರಲಿಕ್ಕೆ ಬಿಡಿ.

ನಮ್ಮ ಪೇಂಟರ್ ಬಣ್ಣ ಕಲಸುತ್ತ ಕಪ್ಪು ಡಬ್ಬಿಗೆ ಕೈ ಹಾಕಿದ.

"ಇದ್ಯಾಕಪ್ಪ?"

"ಒಂದ್ ಹನಿ ಬ್ಲ್ಯಾಕ್ ಬಿಟ್ರೆ ಕವರಿಂಗ್ ಚಲೋ ಬರ್ತದ ಸರ. ಒಂದ್ ಕೋಟು ಉಳಿತದ ನಿಮಗ."

"ಬ್ಯಾಡಪ್ಪ. ಇನ್ನೊಂದು ಕೋಟು ಹೊಡಿ, ದುಡ್ಡು ಕೊಡ್ತೀನಿ. ಕಪ್ಪು ಮಾತ್ರ ಒಂದು ಹನೀನೂ ಬ್ಯಾಡ."

ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅವನ ಕಸುಬಿನ ಲೆಕ್ಕದಲ್ಲಿ ಅವನು ಸರಿಯೇ. ಆ ಒಂದು ಹನಿ ಅಡಿಯ ಬಣ್ಣವನ್ನು ಬೇಗ ಮುಚ್ಚುತ್ತದೆ. ಯಾಕೆ ಮುಚ್ಚುತ್ತದೆಂದರೆ ಬೆಳಕನ್ನು ನುಂಗುತ್ತದೆ, ಅದಕ್ಕೆ. ನಮಗೆ ಬೇಡವಾದದ್ದು ಅದೇ.

ಬಣ್ಣ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಇರಲಿ, ಹಾರ್ಡ್‌ನರ್ ಬೆರೆಸುವಂಥದ್ದು. ಅಗ್ಗದ ಎನಾಮೆಲ್ ಬಿಳಿ ನಮ್ಮ ಬಿಸಿಲಿಗೆ ಬೇಗ ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ಕೈಗೆ ಸುಣ್ಣದಂತೆ ಅಂಟುತ್ತದೆ. ಹೊಳಪಿನ ಫಿನಿಶ್ ಕೇಳಿ. ಬಿಸಿಲು ಎಸೆಯುವುದರಲ್ಲಿ ಹೊಳಪಿಗೂ ಮ್ಯಾಟ್‌ಗೂ ಅಂಥ ವ್ಯತ್ಯಾಸವಿಲ್ಲ, ಆದರೆ ಹೊಳಪಿನ ಮೈಮೇಲೆ ಧೂಳು ನಿಲ್ಲುವುದು ಕಡಿಮೆ. ಒಂದು ಮಾತು ಮರೆಯಬೇಡಿ: ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ, ಅದರಿಂದ ಏನೂ ತಡೆಯುವುದಿಲ್ಲ. ಪೇಂಟರ್‌ಗೆ ಸರಿಯಾದ ಮಾಸ್ಕಿನ ಖರ್ಚು ನೀವೇ ಕೊಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ನಮ್ಮ ಅಲ್ಯುಮಿನಿಯಂ ಪದರವನ್ನು ಉಜ್ಜಿ ತೆಗೆಯಲು ಇಡೀ ಎರಡು ದಿನ ಬೇಕಾಯಿತು. ಆ ಕೂಲಿಯ ವಿಷಯ ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ.

ಬಿಳಿ ಆದಮೇಲೆ ಅದೇ ಜಾಗ, ಅದೇ ಹೊತ್ತಿನಲ್ಲಿ ಒಳಗಿನಿಂದ ಅಳೆದೆ. 49 ಇತ್ತು.

ಬಣ್ಣದ ಅಡಿಗೆ, ಬಣ್ಣದ ಮೇಲೆ

ತಗಡಿಗೂ ಸೀಲಿಂಗಿಗೂ ನಡುವೆ ಒಂದಿಂಚಿನ ಎಕ್ಸ್‌ಪಿಎಸ್ ಫೋಮ್ (ಥರ್ಮೊಕೋಲ್ ಜಾತಿಯ ಗಟ್ಟಿ ಹಲಗೆ) ಅಥವಾ ನೈಟ್ರೈಲ್ ರಬ್ಬರ್ ಶೀಟ್ ಸಾಕು. ತಲೆಯ ಅಡ್ಡಪಟ್ಟಿಗಳನ್ನು ಬಿಟ್ಟು ನಡುವೆ ಮಾತ್ರ ತುಂಬುವ ತಪ್ಪು ಎಲ್ಲರೂ ಮಾಡುತ್ತಾರೆ. ಆ ಕಬ್ಬಿಣದ ಪಟ್ಟಿಗಳ ಮೂಲಕವೇ ಬಿಸಿ ಕಳ್ಳದಾರಿಯಲ್ಲಿ ಒಳಗಿಳಿಯುತ್ತದೆ. ಅವುಗಳ ಮೇಲೂ ತೆಳ್ಳಗಿನ ಶೀಟ್ ಸುತ್ತಿ. ಬೆಳ್ಳಿ ಹಾಳೆಯ ಬಬಲ್ ಶೀಟ್ ಹಾಕುವುದಾದರೆ ಅದರ ಹೊಳೆಯುವ ಮೈ ಎದುರು ಅರ್ಧ ಇಂಚಾದರೂ ಗಾಳಿಗೆ ಜಾಗವಿರಬೇಕು, ತಗಡಿಗೆ ಒತ್ತಿ ಅಂಟಿಸಿದರೆ ಅದರ ಗುಣವೇ ಹೋಗುತ್ತದೆ.

ಸೋಲಾರ್ ಪ್ಯಾನೆಲ್ ಕಪ್ಪಗಿರುತ್ತದಲ್ಲ ಎಂದು ಹೆದರುವವರಿಗೆ: ತಲೆಯಿಂದ ಎರಡು ಇಂಚು ಮೇಲೆತ್ತಿ ಕೂರಿಸಿದರೆ ಅದು ಕೊಡೆಯಾಗುತ್ತದೆ. ಅದರ ಅಡಿ ಗಾಳಿ ಹರಿಯುತ್ತದೆ, ತಗಡಿಗೆ ಬಿಸಿಲೇ ಬೀಳುವುದಿಲ್ಲ. ಎರಡು ದಿನ ಒಂದೇ ಕಡೆ ನಿಲ್ಲುವುದಿದ್ದರೆ ಕ್ಯಾರಿಯರ್ ಮೇಲೆ ಕಂಬಿಗೆ ಕಟ್ಟಿ ಶೇಡ್ ನೆಟ್ ಹರಡಿ. ಮದುವೆಮನೆ ಚಪ್ಪರದ ತತ್ವವೇ ಇದು, ಯಾವ ಬಣ್ಣವೂ ಇದಕ್ಕೆ ಸಮನಲ್ಲ.

ಗಾಜು

ತಲೆಗೆ ಬಿಳಿ ಹೊಡೆಸಿ ಮುಂದಿನ ಗಾಜನ್ನು ಹಾಗೇ ಬಿಟ್ಟರೆ ಬಾಗಿಲು ಹಾಕಿ ಗೋಡೆ ಕೆಡವಿದಂತೆ. ಎರಡು ಚದರ ಮೀಟರಿನ ಗಾಜಿನಿಂದ ಒಂದು ಕಿಲೋವ್ಯಾಟಿಗೂ ಹೆಚ್ಚು ಬಿಸಿಲು ನೇರ ಒಳಗೆ ಬಂದು ಸೀಟು, ಡ್ಯಾಶ್‌ಬೋರ್ಡ್ ಕಾಯಿಸುತ್ತದೆ. ಆ ಅಮೆರಿಕದ ಕಾರುಗಳ ಒಳಗಿನ ವ್ಯತ್ಯಾಸ ಐದಾರು ಡಿಗ್ರಿಗೆ ನಿಂತದ್ದೂ ಇದಕ್ಕೇ: ಗಾಜಿನಿಂದ ಬರುವ ಬಿಸಿಲು ಮೈಬಣ್ಣ ಕೇಳಿ ಬರುವುದಿಲ್ಲ. ನಿಲ್ಲಿಸಿದಾಗ ಗಾಜನ್ನು ಹೊರಗಿನಿಂದ ಮುಚ್ಚಿ, ಒಳಗಿನಿಂದಲ್ಲ. ಒಳಗೆ ಹಾಕಿದ ಪರದೆ ಬಿಸಿಯಾದರೆ ಆ ಬಿಸಿ ಒಳಗೇ ಉಳಿಯುತ್ತದೆ. ಹಳೇ ಬಿಳಿ ಪಂಚೆಯನ್ನು ವೈಪರಿಗೆ ಸಿಕ್ಕಿಸಿದರೂ ಕೆಲಸ ಆಗುತ್ತದೆ. ಕಪ್ಪು ಫಿಲ್ಮ್ ಅಂಟಿಸಿಬಿಡೋಣ ಎನ್ನಬೇಡಿ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ನೂರಕ್ಕೆ 70, ಪಕ್ಕದವುಗಳಲ್ಲಿ 50 ಭಾಗ ಬೆಳಕು ದಾಟಲೇಬೇಕೆಂಬ ನಿಯಮವಿದೆ.

ನಿಲ್ಲಿಸುವ ಜಾಗ

ಬೇಸಿಗೆ ಮಧ್ಯಾಹ್ನಕ್ಕೆ ಗಾಡಿಯ ಬೆನ್ನು ಪಡುವಣಕ್ಕಿರಲಿ. ಕಡಿಮೆ ಅಗಲದ, ಕಡಿಮೆ ಗಾಜಿನ ಮಗ್ಗುಲು ಅದು. ಮುಂದಿನ ಗಾಜಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಆ ಹೊತ್ತಿಗೆ ಪಂಚೆ ಇದ್ದೇ ಇದೆ. ಹೊಂಗೆ, ಬೇವು, ಹುಣಸೆ ಸಿಕ್ಕರೆ ಮಿಕ್ಕಿದ್ದೆಲ್ಲ ಗೌಣ.

ದುರ್ಗದಲ್ಲಿ ನಾವೊಂದು ಪಾಠ ಕಲಿತೆವು. ಚಂದ್ರವಳ್ಳಿಯ ಕಡೆ ಸಂಜೆ ಒಂದು ದೊಡ್ಡ ಬಂಡೆಯ ನೆರಳು ಕಂಡಿತು, ಅದರ ಮಗ್ಗುಲಲ್ಲೇ ನಿಲ್ಲಿಸಿದೆವು. ಕತ್ತಲಾದರೂ ಸೆಖೆ ಇಳಿಯಲಿಲ್ಲ. ಹಗಲಿಡೀ ಕಾದ ಬಂಡೆ ಮಾಳಿಗೆಮನೆಯ ಮಣ್ಣಿನ ಹಾಗೆಯೇ, ಹೀರಿದ್ದನ್ನು ರಾತ್ರಿ ನಿಧಾನ ಬಿಡುತ್ತದೆ. ಬಿಡುವುದು ಅದೇ ಕಾಣದ ಕಿರಣವಾಗಿ. ಇಲ್ಲೊಂದು ವಿಚಿತ್ರವಿದೆ: ಬಿಸಿಲಿಗೆ ಬಿಳಿಯಾಗಿರುವ ನಮ್ಮ ಬಣ್ಣ ಬಂಡೆಯ ಆ ಕಿರಣಕ್ಕೆ ಕಪ್ಪು ಬಣ್ಣದಂತೆಯೇ ಇರುತ್ತದೆ, ಬಂದದ್ದನ್ನೆಲ್ಲ ನುಂಗುತ್ತದೆ. ಹೊತ್ತು ಮುಳುಗಿದ ಮೇಲೆ ಬಿಳಿ ಎನ್ನುವುದಕ್ಕೆ ಅರ್ಥವಿಲ್ಲ. ಹತ್ತೂವರೆಗೆ ಗಾಡಿಯನ್ನು ಬಯಲಿಗೆ ತಂದು, ತಲೆಯ ಕಿಂಡಿ ತೆರೆದಿಟ್ಟೆವು. ತೆಳು ತಗಡಿನ ಒಂದು ಉಪಕಾರವೆಂದರೆ ತೆರೆದ ಆಕಾಶದ ಕೆಳಗೆ ಅದು ಬೇಗ ಆರುತ್ತದೆ. ಹನ್ನೊಂದೂವರೆಗೆ ಅಕ್ಕ ಹೊದಿಕೆ ಕೇಳಿದಳು.

ಧೂಳು

ಹೊಸ ಬಿಳಿ ಬಿಸಿಲಿನ ಮುಕ್ಕಾಲು ಪಾಲು ಎಸೆಯುತ್ತದೆ ಎಂದೆ. ತೊಳೆಯದೆ ಬಿಟ್ಟರೆ ಒಂದೆರಡು ವರ್ಷದಲ್ಲಿ ಅದು ಅರ್ಧ ಚಿಲ್ಲರೆಗೆ ಇಳಿಯುತ್ತದೆ. ಕಣ್ಣಿಗೆ ಬೀಳದ ಜಾಗವಾದ್ದರಿಂದ ತಲೆಯನ್ನು ಯಾರೂ ತೊಳೆಯುವುದಿಲ್ಲ. ಪಕ್ಕಗಳನ್ನು ಮಾತ್ರ ಫಳಫಳ ಮಾಡುತ್ತಾರೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಎರಡು ಬಕೆಟ್ ನೀರು, ಒಂದು ಚಮಚ ಶಾಂಪೂ, ಉದ್ದ ಹಿಡಿಯ ಮೆತ್ತನೆ ಬ್ರಷ್ ಸಾಕು. ಬಟ್ಟೆ ಒಗೆಯುವ ಪುಡಿ ಬೇಡ, ಹೊಳಪು ಕೆಡುತ್ತದೆ. ಬೆಳಿಗ್ಗೆ ತಗಡು ತಣ್ಣಗಿರುವಾಗ ತೊಳೆಯಿರಿ, ಇಲ್ಲದಿದ್ದರೆ ಬೋರ್‌ವೆಲ್ ನೀರು ಅಲ್ಲಲ್ಲೇ ಆರಿ ಉಪ್ಪಿನ ಕಲೆ ಬಿಡುತ್ತದೆ.

ಹಕ್ಕಿಯ ಹಿಕ್ಕೆ ಬಿದ್ದ ದಿನವೇ ಒರೆಸಿಬಿಡಿ, ಬಿಸಿಲಲ್ಲಿ ಒಣಗಿದರೆ ಬಣ್ಣವನ್ನೇ ಕಚ್ಚುತ್ತದೆ. ಒಣಗಿದ್ದನ್ನು ಕೆರೆಯಬೇಡಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ. ನೆರಳು ಕೊಡುವ ಮರದಲ್ಲೇ ಹಕ್ಕಿಗಳೂ ಇರುವುದರಿಂದ ಏಣಿ ಗಾಡಿಯಲ್ಲೇ ಇರಲಿ.